ಹದಿನಾರನೇ ನಂಬರಿನ ಅಳತೆ ಸೀಟು

ಬೆಳಗಿನ ಆರೂಕಾಲು. ಪೊಲೀಸ್ ಮೋಟಾರ್‌ಸೈಕಲ್ ದಳದ ವರ್ಕ್‌ಶಾಪಿನ ಶಟರ್ ಇನ್ನೂ ಅರ್ಧ ಮಾತ್ರ ಮೇಲೆದ್ದಿದೆ. ಬಗ್ಗಿ ಒಳಗೆ ಹೋದರೆ ಒಂದು ಕಡೆ ಟಯರುಗಳ ಗುಡ್ಡೆ, ಇನ್ನೊಂದು ಕಡೆ ಆಯಿಲ್ ಡಬ್ಬಗಳ ಸಾಲು. ಅವುಗಳ ನಡುವೆ ಸೆರಗು ತಾಗದಂತೆ ನುಸುಳಿಕೊಂಡು ಹೋದರೆ ಕೊನೆಯಲ್ಲಿ ಹತ್ತಡಿಗೆ ಎಂಟಡಿಯ ಒಂದು ಕೋಣೆ. ಅಲ್ಲಿ ಐವತ್ತರ ಹತ್ತಿರದ ಹೆಂಗಸೊಬ್ಬರು ಮೋಟಾರ್‌ಸೈಕಲ್ಲಿನ ಕಪ್ಪು ಸೀಟೊಂದನ್ನು ಮೇಜಿನ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಅಂಗೈಯಿಂದ ಒತ್ತಿ ನೋಡುತ್ತಿದ್ದಾರೆ. ಎಡಗೈಯಲ್ಲಿ ಒಮ್ಮೆ, ಬಲಗೈಯಲ್ಲಿ ಒಮ್ಮೆ, ಮತ್ತೆ ಎರಡರಲ್ಲೂ ಒಟ್ಟಿಗೆ.

“ಕಣ್ಣು ಬಿಟ್ಕೊಂಡು ನೋಡಿದ್ರೆ ಹೊಲಿಗೆ ಕಾಣತ್ತೆ. ಹೊಲಿಗೆ ನೆಟ್ಟಗಿದ್ರೆ ಸೀಟೂ ನೆಟ್ಟಗಿದೆ ಅನ್ಸತ್ತೆ. ಅದು ಮೋಸ,” ಎನ್ನುತ್ತಾರೆ ಅವರು, ಕಣ್ಣು ತೆರೆಯದೆಯೇ. “ಸೀಟನ್ನ ಕೈಯಿಂದ ನೋಡ್ಬೇಕು. ನನಗೆ ಇದು ಗೊತ್ತಾಗೋಕೆ ಹನ್ನೊಂದು ವರ್ಷ ಬೇಕಾಯ್ತು.”

ದಳದವರಿಗೆ ಈಕೆ ಅತ್ತಿಗೆ. ಬಿಡಿಭಾಗ ತಂದುಕೊಡುವ ಅಂಗಡಿಯವರಿಗೆ, ಎದುರಿನ ಚಹದಂಗಡಿಯವನಿಗೆ ಸೀಟಮ್ಮ. ದಳದ ಮೂವತ್ತೆಂಟು ಮೋಟಾರ್‌ಸೈಕಲ್ಲುಗಳ ಸೀಟುಗಳಿಗೆ ಫೋಮು ತುಂಬಿ, ರೆಕ್ಸಿನ್ ಹೊಲಿದು, ಬಿಗಿದು ಕೊಡುವುದು ಈಕೆಯೊಬ್ಬರ ಕೆಲಸ. ಮೇಜಿನ ಮೇಲಿರುವ ಸೀಟು ಇನ್ನು ಮುಕ್ಕಾಲು ಗಂಟೆಯಲ್ಲಿ ಇಪ್ಪತ್ತೆರಡನೇ ನಂಬರಿನ ಗಾಡಿ ಏರಿ ಹೊರಡುತ್ತದೆ. ಎಂಟು ಗಂಟೆಗಳ ಸವಾರಿ. ಮಧ್ಯಾಹ್ನ ಮೂರಕ್ಕೆ ಹಿಂದಿರುಗಿದ ಸವಾರರು ಸೀಟು ಸರಿಯಿದೆ ಎಂದರೆ ಈ ಕೋಣೆ ಉಳಿಯುತ್ತದೆ. ಸರಿಯಿಲ್ಲವೆಂದರೆ ಸೀಟುಗಳನ್ನು ಹೊರಗಿನ ಗುತ್ತಿಗೆದಾರರಿಂದ ತರಿಸಲಾಗುತ್ತದೆ, ಕೋಣೆಗೆ ಟಯರುಗಳು ಬರುತ್ತವೆ, ಸೀಟಮ್ಮ ಮಹಡಿಯ ಮೇಲಿನ ಕಡತ ವಿಭಾಗಕ್ಕೆ ಹೋಗುತ್ತಾರೆ.

ಅದೂ ಇಂದೇ. ಈಕೆಯ ಗಂಡ ಕೆಲಸದ ಮೇಲಿದ್ದಾಗಲೇ ತೀರಿಕೊಂಡು ಇಂದಿಗೆ ಸರಿಯಾಗಿ ಹನ್ನೆರಡು ವರ್ಷ.

ಅವರು ಇದೇ ದಳದ ಸವಾರ. ಹದಿನಾರನೇ ನಂಬರು. ಆ ದಿನ ಬೆಳಗಿನ ದಟ್ಟ ಮಂಜಿನಲ್ಲಿ ಹೆದ್ದಾರಿಯ ನಡುವೆ ಒಂದು ಕಾರು ಕೆಟ್ಟು ನಿಂತಿತ್ತು. ಒಳಗೆ ನಾಲ್ಕು ಜನ. ಈಕೆಯ ಗಂಡ ತಮ್ಮ ಮೋಟಾರ್‌ಸೈಕಲನ್ನು ಕಾರಿನ ಹಿಂದೆ ಅಡ್ಡ ನಿಲ್ಲಿಸಿ, ದೀಪ ಮಿನುಗುವಂತೆ ಬಿಟ್ಟು, ನಾಲ್ವರನ್ನೂ ಒಬ್ಬೊಬ್ಬರಾಗಿ ಬದಿಗೆ ದಾಟಿಸಿದರು. ಆಮೇಲೆ ಮತ್ತೆ ರಸ್ತೆಗಿಳಿದದ್ದು ಹಿಂದಿನಿಂದ ಬರುವ ವಾಹನಗಳಿಗಾಗಿ ಇನ್ನೊಂದು ದೀಪವನ್ನು ಸ್ವಲ್ಪ ದೂರದಲ್ಲಿಡಲು. ಅದನ್ನು ನೆಲದ ಮೇಲಿಡುವ ಮೊದಲೇ ಲಾರಿ ಬಂತು. ಕಾರಿನ ನಾಲ್ವರೂ ಬದುಕಿದ್ದಾರೆ. ದಳದಲ್ಲಿ ಹದಿನಾರನೇ ನಂಬರನ್ನು ಮತ್ತೆ ಯಾರಿಗೂ ಕೊಟ್ಟಿಲ್ಲ. ಹದಿನೈದಾದ ಮೇಲೆ ಹದಿನೇಳು. ಹೊಸದಾಗಿ ಬಂದ ಗುಮಾಸ್ತರು ಎಣಿಕೆ ತಪ್ಪಿದೆಯೆಂದು ತಿದ್ದಲು ಹೋಗಿ ಬೈಸಿಕೊಳ್ಳುತ್ತಾರೆ.

ಮೋಟಾರ್‌ಸೈಕಲ್ ಗುಜರಿಗೆ ಹೋಯಿತು. ಸೀಟು ಮಾತ್ರ ಕಿತ್ತು ಬಂದು ಪಕ್ಕದ ಹುಲ್ಲಿನಲ್ಲಿ ಬಿದ್ದಿತ್ತು. ರೆಕ್ಸಿನ್ ಒಂದು ಗೇಣು ಹರಿದದ್ದು ಬಿಟ್ಟರೆ ಅದಕ್ಕೇನೂ ಆಗಿರಲಿಲ್ಲ. ವರ್ಕ್‌ಶಾಪಿನ ಮೇಸ್ತ್ರಿ ಅದನ್ನು ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದರು.

“ಪಾಪ, ಏನು ಹೇಳ್ಬೇಕು ಅಂತ ಅವರಿಗೂ ಗೊತ್ತಿಲ್ಲ. ‘ಹರಿದಿದೆ ತಂಗಿ’ ಅಂದ್ರು, ಅಷ್ಟೇ. ನಾನಾಗ ಮನೇಲಿ ಶಾಲೆ ಮಕ್ಕಳ ಯೂನಿಫಾರಂ ಹೊಲೀತಿದ್ದೆ. ಹರಿದಿದೆ ಅಂತ ಯಾರಾದ್ರೂ ಅಂದ್ರೆ ನನ್ನ ಕೈ ಸುಮ್ನಿರಲ್ಲ. ಅವತ್ತೇ ಕೂತು ಹೊಲಿದೆ. ನಾಲ್ಕು ಸೂಜಿ ಮುರೀತು. ಅಳೋಕೂ ಪುರುಸೊತ್ತಾಗ್ಲಿಲ್ಲ ನೋಡಿ.”

ಇಲಾಖೆ ಅನುಕಂಪದ ಆಧಾರದಲ್ಲಿ ಕಡತ ವಿಭಾಗದಲ್ಲಿ ಕೆಲಸ ಕೊಟ್ಟಿತು. ಒಂದು ದಿನ ಹೋಗಿ ಕುಳಿತು, ಧೂಳಿಗೆ ಸೀನಿ ಸೀನಿ ಸಾಕಾಗಿ, ಮರುದಿನ ಕೆಳಗಿಳಿದು ಬಂದು ಸೀಟು ಕೋಣೆ ಕೇಳಿದರು. ಸೀಟು ಹೊಲಿಯುತ್ತಿದ್ದ ಹಿರಿಯರು ನಿವೃತ್ತರಾಗಿ ಎಂಟು ತಿಂಗಳಿಂದ ಅದಕ್ಕೆ ಬೀಗ ಬಿದ್ದಿತ್ತು. “ಇದು ಗಂಡಸರ ವರ್ಕ್‌ಶಾಪಮ್ಮ ಅಂದ್ರು ಆಗಿನ ಸಾಹೇಬ್ರು. ಕೂರೋರು ಗಂಡಸ್ರು ಸಾರ್, ಹೊಲಿಯೋರು ಯಾರಾದ್ರೇನು ಅಂದೆ. ನಕ್ಬಿಟ್ರು. ನಕ್ಕಿದ್ದೇ ಒಪ್ಪಿಗೆ ಅಂದ್ಕೊಂಡು ಬೀಗದ ಕೈ ಇಸ್ಕೊಂಡೆ.”

ಬಟ್ಟೆ ಹೊಲಿದ ಕೈಗೆ ಸೀಟು ಸುಲಭವಾಗಿ ಒಲಿಯಲಿಲ್ಲ. ಬಟ್ಟೆಯಲ್ಲಿ ತಪ್ಪಿದರೆ ಬಿಚ್ಚಿ ಹೊಲಿಯಬಹುದು. ರೆಕ್ಸಿನ್ನಿಗೆ ಒಮ್ಮೆ ಬಿದ್ದ ತೂತು ಬಿದ್ದದ್ದೇ, ಅಲ್ಲಿಂದ ಮಳೆನೀರು ಒಳಗಿಳಿಯುತ್ತದೆ. ಮೊದಲ ವರ್ಷ ದಬ್ಬಣ ಚುಚ್ಚಿಸಿಕೊಂಡ ಗುರುತುಗಳು ಎಡಗೈ ಹೆಬ್ಬೆರಳಿನ ಮೇಲೆ ಇನ್ನೂ ಇವೆ. ಅಂಟಿನ ವಾಸನೆಗೆ ತಲೆ ಸಿಡಿಯುತ್ತಿತ್ತು. ಈಗ ಆ ವಾಸನೆ ಇಲ್ಲದ ಭಾನುವಾರವೇ ತಲೆ ಹಿಡಿದಂತಾಗುತ್ತದಂತೆ. ಕೆಳಗೆ ಎರಡು ಬೆರಳು ದಪ್ಪದ ಗಟ್ಟಿ ಫೋಮು, ಮೇಲೆ ಒಂದು ಬೆರಳು ಮೆತ್ತನೆಯದು, ಅದರ ಮೇಲೆ ಬಟ್ಟೆ, ಕೊನೆಗೆ ರೆಕ್ಸಿನ್, ಸುತ್ತಲೂ ಅರವತ್ತೆಂಟು ಪಿನ್ನು. ಒಂದು ಸೀಟಿಗೆ ಎರಡು ದಿನ. ಉಳಿದ ದಿನಗಳಲ್ಲಿ ಜೀಪುಗಳ ಸೀಟು, ಹೆಲ್ಮೆಟ್ಟಿನ ಒಳಮೆತ್ತೆ, ಮಳೆಯಂಗಿಯ ಹೊಲಿಗೆ, ಚೀಲಗಳ ಪಟ್ಟಿ. ಹನ್ನೊಂದು ವರ್ಷದಲ್ಲಿ ಮೋಟಾರ್‌ಸೈಕಲ್ ಸೀಟುಗಳೇ ನಾನೂರರ ಹತ್ತಿರ ಆಗಿವೆ.

ಇಷ್ಟು ಜನಕ್ಕೆ ಸೀಟು ಹೊಲಿಯುವ ಈಕೆ ಕೂರುವುದು ಮಾತ್ರ ಬರೀ ಮರದ ಸ್ಟೂಲಿನ ಮೇಲೆ, ಮಡಿಸಿದ ಗೋಣಿಚೀಲ ಹಾಸಿಕೊಂಡು. ಅದೂ ನೆಟ್ಟಗಲ್ಲ. ಹೊಲಿಯುವಾಗ ಸೀಟಿನ ಭಾರವೆಲ್ಲ ಯಂತ್ರದ ಎಡಕ್ಕೆ ಜೋತು ಬೀಳುವುದರಿಂದ ಅದನ್ನು ಎಡತೊಡೆಯ ಮೇಲೆ ತಾಳಿಕೊಂಡು, ಮೈಯನ್ನೆಲ್ಲ ಅದೇ ಕಡೆಗೆ ವಾಲಿಸಿ ಕೂರುತ್ತಾರೆ. “ಊರಿಗೆಲ್ಲ ಮೆತ್ತೆ, ನಿನಗೆ ಹಲಗೆ,” ಎಂದು ಮೇಸ್ತ್ರಿ ದಿನಕ್ಕೊಮ್ಮೆಯಾದರೂ ರೇಗಿಸುತ್ತಾರೆ. “ಮೆತ್ತಗೆ ಕೂತ್ರೆ ನಿದ್ದೆ ಬರತ್ತೆ ಮೇಸ್ತ್ರಿ. ನಿಮ್ಮ ಥರ,” ಎಂದು ಇವರೂ ಬಿಡುವುದಿಲ್ಲ.

ಬಟ್ಟೆ ಹೊಲಿಯುವವರಿಗೆ ಅಳತೆಗೆಂದು ಹಳೆಯ ಅಂಗಿಯೊಂದನ್ನು ಕೊಡುತ್ತೇವಲ್ಲ, ಸೀಟಮ್ಮನಿಗೂ ಹಾಗೇ ಒಂದು ಅಳತೆ ಬೇಕಾಗಿತ್ತು. ಅವರ ಬಳಿ ಇದ್ದದ್ದು ಒಂದೇ ಸೀಟು. ಮೇಸ್ತ್ರಿ ಗೋಣಿಚೀಲದಲ್ಲಿ ತಂದುಕೊಟ್ಟದ್ದು. ಅದರ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎಲ್ಲೆಲ್ಲಿ ಎಷ್ಟೆಷ್ಟು ಎತ್ತರವಿದೆಯೆಂದು ಕಡ್ಡಿ ಚುಚ್ಚಿ ನೋಡಿ, ಅದರ ಹಾಗೆಯೇ ಮೊದಲ ಸೀಟು ಮಾಡಿದರು. ಎರಡನೆಯದೂ ಹಾಗೇ. ನಾಲ್ಕೈದು ವರ್ಷದಲ್ಲಿ ಗೆರೆ, ಕಡ್ಡಿ ಯಾವುದೂ ಬೇಡವಾಯಿತು, ಅಳತೆ ಕೈಗೇ ಬಂದಿತ್ತು. ಪ್ರತಿವರ್ಷ ಈ ದಿನ ದಳದವರು ಆ ಸೀಟನ್ನು ಹಾಜರಿ ಕೋಣೆಯಲ್ಲಿರುವ ಗಂಡನ ಫೋಟೋದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಇಡೋಣವೆಂದು ಕೇಳುತ್ತಾರೆ. ಪ್ರತಿವರ್ಷವೂ ಇವರದು ಒಂದೇ ಉತ್ತರ. “ನನಗೆ ಕೆಲಸಕ್ಕೆ ಬೇಕು.”

ಆ ನಾನೂರು ಸೀಟುಗಳ ಬಗ್ಗೆ ಯಾರೂ ಒಂದು ದೂರು ಹೇಳಲಿಲ್ಲ. ಕೇಳಿದಾಗಲೆಲ್ಲ “ಚೆನ್ನಾಗಿದೆ ಅತ್ತಿಗೆ” ಎನ್ನುತ್ತಿದ್ದರು. ಒಂದೇ ಒಂದು ಸಂಗತಿ ಸೀಟಮ್ಮನ ಕಣ್ಣಿಗೆ ಬಿದ್ದಿತ್ತು. ದಳದ ಪ್ರತಿಯೊಬ್ಬರೂ ಗಾಡಿಯಲ್ಲಿ ಒಂದು ಟವೆಲ್ ಇಟ್ಟುಕೊಳ್ಳುತ್ತಿದ್ದರು. ಹೊರಡುವಾಗ ಅದನ್ನು ಮಡಿಸಿ ಸೀಟಿನ ಮೇಲೆ ಹಾಕುತ್ತಿದ್ದರು.

“ಬಿಸಿಲಿಗೆ ರೆಕ್ಸಿನ್ ಕಾಯತ್ತಲ್ಲ, ಅದಕ್ಕೆ ಹಾಕ್ಕೊಳ್ತಾರೆ ಅಂದ್ಕೊಂಡಿದ್ದೆ. ಮಳೆಗಾಲದಲ್ಲೂ ಹಾಕ್ಕೊಳ್ತಿದ್ರು. ಆಗಾದ್ರೂ ಯೋಚ್ನೆ ಮಾಡ್ಬೇಕಿತ್ತು ನಾನು.”

ಮೂರು ತಿಂಗಳ ಹಿಂದೆ ಹನ್ನೆರಡು ಹಳೆಯ ಗಾಡಿಗಳ ಜಾಗಕ್ಕೆ ಹನ್ನೆರಡು ಹೊಸವು ಬಂದವು. ಕಂಪನಿಯ ಸೀಟು ಉದ್ದವಾಗಿಯೇ ಇತ್ತು, ಆದರೆ ಹಿಂದೆ ವೈರ್‌ಲೆಸ್ ಪೆಟ್ಟಿಗೆ ಕೂರಿಸಿದ ಮೇಲೆ ಸವಾರರಿಗೆ ಉಳಿದದ್ದು ಮೊಣಕಾಲು ಟ್ಯಾಂಕಿಗೆ ಬಡಿಯುವಷ್ಟು ಜಾಗ. ಹೊರಗಿನ ಗುತ್ತಿಗೆದಾರರೊಬ್ಬರು ಸಿದ್ಧ ಸೀಟುಗಳ ಚಿತ್ರಪುಸ್ತಕ ಹಿಡಿದು ಬಂದರು. ದಳದ ಈಗಿನ ಮುಖ್ಯಸ್ಥರು ಮಾತು ಕಡಿಮೆ, ಲೆಕ್ಕಾಚಾರ ಜಾಸ್ತಿ ಎಂಬ ಹೆಸರಿನವರು. ಅವರು ಸೀಟಮ್ಮನನ್ನು ಕರೆದು, “ಒಂದು ಸೀಟು ಮಾಡಿ. ಎಂಟು ಗಂಟೆ ಓಡಿಸಿ ನೋಡೋಣ. ಸರಿ ಇದ್ರೆ ಹನ್ನೆರಡೂ ನಿಮ್ಮವೇ. ಇಲ್ಲಾಂದ್ರೆ ಕೋಣೆ ಮುಚ್ಚೋದೇ, ಬೇಜಾರು ಮಾಡ್ಕೋಬೇಡಿ,” ಎಂದರು.

ಎರಡು ವಾರದ ಹಿಂದೆ ಆ ಪರೀಕ್ಷೆಯ ಸೀಟು ಇಪ್ಪತ್ತೆರಡನೇ ನಂಬರಿಗೆ ಹೋಯಿತು. ಅದರ ಸವಾರಿ ಮಾಡುವವಳು ದಳಕ್ಕೆ ಬಂದ ಮೊದಲ ಹುಡುಗಿ. ಇಪ್ಪತ್ತಾರು ವಯಸ್ಸು, ಬಂದು ನಾಲ್ಕೇ ತಿಂಗಳು. ಹದಿನಾರನೇ ನಂಬರಿನವರನ್ನು ಆಕೆ ಫೋಟೋದಲ್ಲಿ ಬಿಟ್ಟರೆ ನೋಡಿದವಳಲ್ಲ. ಉಳಿದವರಿಗೆಲ್ಲ ಅವರು ಅಣ್ಣನಾದ್ದರಿಂದ ಸೀಟಮ್ಮ ಅತ್ತಿಗೆ. ಈಕೆ ಮಾತ್ರ ಮೊದಲ ದಿನದಿಂದ “ಅಕ್ಕ” ಎನ್ನುತ್ತಾಳೆ.

ಎಂಟು ಗಂಟೆಗಳ ನಂತರ ಬಂದವಳು ಗಾಡಿ ನಿಲ್ಲಿಸಿ, ಇಳಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತಳು. ವರ್ಕ್‌ಶಾಪಿನಲ್ಲಿದ್ದ ಐದಾರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅಕ್ಕ, ಒಂದ್ಮಾತು ಹೇಳ್ಲಾ? ಬೈಬಾರ್ದು.”

“ಸೊಂಟ ಹಿಡ್ಕೊಂಡು ನಿಂತೋರನ್ನ ಯಾರು ಬೈತಾರೆ? ಹೇಳು.”

“ಸೀಟು ಎಡಕ್ಕೆ ವಾಲಿದೆ.”

ಮೇಸ್ತ್ರಿ ಇದ್ದಕ್ಕಿದ್ದಂತೆ ಆಯಿಲ್ ಡಬ್ಬದೊಳಗೆ ಏನನ್ನೋ ಹುಡುಕತೊಡಗಿದರು. ಇಬ್ಬರು ಸವಾರರಿಗೆ ಹೊರಗೆ ತುರ್ತು ಕೆಲಸ ನೆನಪಾಯಿತು.

“ಮೂವತ್ತೇಳು ಜನಕ್ಕೆ ವಾಲಿಲ್ಲ, ನಿನಗೊಬ್ಬಳಿಗೆ ವಾಲ್ತಾ?”

“ಎಲ್ರಿಗೂ ವಾಲಿದೆ ಅಕ್ಕ. ಅದಕ್ಕೇ ಟವೆಲ್ಲು.”

ಆಮೇಲೆ ನಡೆದದ್ದನ್ನು ಮೇಸ್ತ್ರಿಯೇ ಹೇಳುವುದು ಚೆನ್ನ. “ತಂಗಿ ಒಂದು ಹಲಗೆ ತಗೊಂಡ್ಲು. ನನ್ನ ಹತ್ರ ಬೇರಿಂಗಿನ ಗುಂಡು ಒಂದು ಕೇಳಿದ್ಲು. ಸೀಟಿನ ಮೇಲೆ ಹಲಗೆ, ಹಲಗೆ ಮೇಲೆ ಗುಂಡು. ಗುಂಡು ಎಡಕ್ಕೆ ಉರುಳ್ತು. ಇನ್ನೊಂದು ಗಾಡಿಗೆ ಹೋದ್ಲು. ಎಡಕ್ಕೇ. ಏಳು ಗಾಡಿ ನೋಡಿದ್ಲು, ಏಳೂ ಸಲ ಎಡಕ್ಕೇ. ಕೊನೆಗೆ ಕೋಣೆಗೆ ಹೋಗಿ ಅವನ ಸೀಟು ಇಳಿಸಿ ಅದರ ಮೇಲಿಟ್ಲು. ಗುಂಡು ನೇರವಾಗಿ ಎಡಕ್ಕೆ ಉರುಳಿ ಅವಳ ಮಡಿಲಿಗೇ ಬಿತ್ತು.”

ಗುಟ್ಟು ಅಷ್ಟೇ. ಹದಿನಾರನೇ ನಂಬರಿನವರು ಒಂಬತ್ತು ವರ್ಷ ಎಡಗಡೆಗೆ ಭಾರ ಬಿಟ್ಟು ಕೂತಿದ್ದರು. ಫೋಮು ಆ ಕಡೆ ಅರ್ಧ ಬೆರಳಿನಷ್ಟು ಇಳಿದಿತ್ತು. ಸೀಟಮ್ಮ ಆ ಇಳಿತವನ್ನೂ ಅಳತೆಯೆಂದೇ ತಿಳಿದು ನಾನೂರು ಸೀಟುಗಳಿಗೆ ಇಳಿಸಿಟ್ಟಿದ್ದರು. ಸವಾರರು ಎಡತೊಡೆಯ ಕೆಳಗೆ ಟವೆಲ್ ಮಡಿಸಿಟ್ಟು ಸಮ ಮಾಡಿಕೊಳ್ಳುತ್ತಿದ್ದರು. ಬಲಸೊಂಟದಲ್ಲಿ ಬರುವ ನೋವಿಗೆ ದಳದಲ್ಲಿ ‘ಅತ್ತಿಗೆ ನೋವು’ ಎಂಬ ಹೆಸರೇ ಇತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ.

“ಯಾವಾಗಿಂದ ಗೊತ್ತು ಮೇಸ್ತ್ರಿ ನಿಮಗೆ?”

“ಮೊದಲ್ನೇ ಸೀಟಿಂದ.”

“ಹೇಳ್ಬಾರ್ದಾಗಿತ್ತಾ?”

“ಏನಂತ ಹೇಳ್ಲಿ ತಂಗಿ? ಅವನು ಕೂತ ಹಾಗೆ ನಾವೆಲ್ಲ ಕೂತಿದ್ವಿ. ಎದ್ದೇಳು ಅನ್ನೋಕೆ ಯಾರಿಗೂ ಬಾಯಿ ಬರ್ಲಿಲ್ಲ.”

ಅದಾದ ಭಾನುವಾರ ಮಧ್ಯಾಹ್ನ ಸೀಟಮ್ಮ ಮನೆಯಲ್ಲಿ ಮುಖ ಇಳಿಬಿಟ್ಟು ಕುಳಿತಿದ್ದರು. ಮನೆಯೆಂದರೆ ಎರಡು ಕೋಣೆ, ಅಡುಗೆಮನೆ, ಕಾಲೇಜಿಗೆ ಹೋಗುವ ಮಗಳು ಮತ್ತು ಎಪ್ಪತ್ತೆಂಟರ ಅತ್ತೆ. ಬಟಾಣಿ ಸುಲಿಯುತ್ತಿದ್ದ ಅತ್ತೆ ಕೇಳಿದರು, “ಏನೇ, ಮುಖ ಯಾಕೆ ಹಾಗಿದೆ?” ಸೊಸೆ ಹೇಳಿದರು.

“ಎಡಕ್ಕೆ ವಾಲ್ದೆ ಇನ್ನೇನು ಮಾಡ್ತಾನೆ? ಹನ್ನೆರಡು ವರ್ಷದವನಿದ್ದಾಗ ಮರದಿಂದ ಬಿದ್ದು ಬಲಸೊಂಟ ಮುರ್ಕೊಂಡಿದ್ದ. ಊಟಕ್ಕೆ ಕೂತ್ರೂ ಹಾಗೇ ಕೂರ್ತಿದ್ದ. ಹದಿನಾಲ್ಕು ವರ್ಷ ಸಂಸಾರ ಮಾಡ್ದೆ, ಗಂಡ ಹೇಗೆ ಕೂರ್ತಾನೆ ಅಂತ ನೋಡ್ಲಿಲ್ವಾ ನೀನು?”

“ಅವರು ಕೂತಿದ್ದು ಯಾವಾಗ ಅತ್ತೆ ನೋಡೋಕೆ? ಬಂದೆ ಅನ್ನೋದ್ರೊಳಗೆ ಹೊರಟೆ ಅಂತಿದ್ರು.”

ಅತ್ತೆಗೆ ನಗು ಬಂತು. ಸೊಸೆಗೂ ಬಂತು. ಮಗಳು ಒಳಗಿನಿಂದ ಬಂದು ನೋಡಿದರೆ ಇಬ್ಬರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದಾರೆ. ನೆಲದ ತುಂಬ ಬಟಾಣಿ.

“ಹನ್ನೊಂದು ವರ್ಷ ಇಡೀ ದಳದ ಸೊಂಟ ಮುರಿದಿದ್ದೀನಿ ನಾನು,” ಎನ್ನುತ್ತಾರೆ ಸೀಟಮ್ಮ ಈಗ. “ನಾಚ್ಕೆ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಒಳಗೊಳಗೆ ಒಂಥರಾ ಖುಷೀನೂ ಆಯ್ತು. ಅವರು ಕೂತಿದ್ದ ರೀತಿ ನನ್ನ ಕೈಗೆ ಗೊತ್ತಿತ್ತಲ್ಲ. ನನಗೆ ಗೊತ್ತಿಲ್ದೇ ಇದ್ರೂ.”

ಮುಖ್ಯಸ್ಥರು ಇನ್ನೊಂದು ಅವಕಾಶ ಕೊಟ್ಟರು. “ಅವರ ದಿನ ಬರ್ತಿದೆಯಲ್ಲ, ಅವತ್ತು ಎಲ್ಲರೂ ದೂರ ಹೋಗ್ತೀವಿ. ಅವತ್ತೇ ನೋಡೋಣ. ಆಮೇಲೆ ಕೇಳ್ಬೇಡಿ.” ಕೈಯಲ್ಲಿದ್ದದ್ದು ಹತ್ತು ದಿನ. ಕಷ್ಟ ಎದುರಾದದ್ದು ಆಗಲೇ. ತಪ್ಪು ಎಲ್ಲಿದೆಯೆಂದು ತಲೆಗೆ ತಿಳಿದಿತ್ತು, ಕೈಗೆ ತಿಳಿದಿರಲಿಲ್ಲ. ಸಮ ಮಾಡಬೇಕೆಂದೇ ಕುಳಿತು ಕೆತ್ತಿದ ಫೋಮಿನ ಮೇಲೆ ಗುಂಡಿಟ್ಟರೆ ಅದು ಎಡಕ್ಕೆ ಉರುಳಿತು. ಎರಡನೆಯ ಸಲವೂ. ಮೂರನೆಯ ಸಲ ಗುಂಡನ್ನು ಎತ್ತಿ ಗೋಡೆಗೆ ಎಸೆದರು. ಅದು ಪುಟಿದು ಬಂದು ಮೇಸ್ತ್ರಿಯ ಚಹದ ಲೋಟಕ್ಕೆ ಬಿತ್ತು.

“ಕೋಪ ಮಾಡ್ಕೊಂಡ್ರೂ ಗುರಿ ಚೆನ್ನಾಗಿದೆ,” ಎಂದರಂತೆ ಮೇಸ್ತ್ರಿ, ಚಹದಿಂದ ಗುಂಡು ತೆಗೆದು ಒರೆಸಿ ಕೊಡುತ್ತಾ.

ನಾಲ್ಕನೆಯ ಸಲ ಸೀಟಮ್ಮ ಮೊದಲು ಅಳತೆ ಸೀಟನ್ನು ಮೇಲಿನ ಹಲಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಇಟ್ಟರು. ಆಮೇಲೆ ಹೊಸ ಫೋಮನ್ನು ತಿರುವುಮುರುವು ಮಾಡಿ, ಬಾಲದ ಕಡೆ ತಮ್ಮತ್ತ ಬರುವಂತೆ ಇಟ್ಟುಕೊಂಡು ಕೆತ್ತಿದರು. ಎಡ ಬಲವಾಯಿತು, ಬಲ ಎಡವಾಯಿತು, ಕೈ ಗೊಂದಲಕ್ಕೆ ಬಿದ್ದು ನಿಧಾನವಾಯಿತು. ಹಳೆಯ ದಾರಿ ಮರೆತು ಪ್ರತಿ ಗೆರೆಯನ್ನೂ ಕೇಳಿ ಕೇಳಿ ಮುಂದೆ ಹೋಯಿತು. ಒಂದು ದಿನದ ಕೆಲಸ ಮೂರು ದಿನ ಹಿಡಿಯಿತು. ಗುಂಡು ಹಲಗೆಯ ಮೇಲೆ ನಿಂತಲ್ಲೇ ನಿಂತಿತು.

ಅಷ್ಟಕ್ಕೇ ಬಿಡಲಿಲ್ಲ. ಅಡುಗೆಮನೆಯ ದೊಡ್ಡ ತಟ್ಟೆ ತಂದು, ಅದರಲ್ಲಿ ಒದ್ದೆ ಮರಳು ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಇಪ್ಪತ್ತೆರಡನೇ ನಂಬರಿನ ಹುಡುಗಿಯನ್ನು ಅದರ ಮೇಲೆ ಕಾಲು ಗಂಟೆ ಕೂರಿಸಿದರು. ಮರಳಿನಲ್ಲಿ ಮೂಡಿದ ಗುರುತು ನೋಡಿ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ನಿರ್ಧರಿಸಿದರು. ಇನ್ನು ಮುಂದೆ ಎಲ್ಲರಿಗೂ ಒಂದೇ ಅಳತೆಯಲ್ಲ, ಅವರವರದು ಅವರವರಿಗೆ. ಸುದ್ದಿ ಕೇಳಿ ದಳದ ಗಡ್ಡದ ಸವಾರರೊಬ್ಬರು ಬಾಗಿಲಲ್ಲಿ ಇಣುಕಿ, “ಅತ್ತಿಗೆ, ನಮ್ಮ ಮರ್ಯಾದೆ ಅಚ್ಚು ತೆಗೆಯೋಕೆ ಹೊರಟಿದ್ದೀರಾ?” ಎಂದರು. “ನಿಮ್ಮದಕ್ಕೆ ಈ ತಟ್ಟೆ ಸಾಲಲ್ಲ, ಬಾಣಲೆ ತರ್ತೀನಿ ತಾಳಿ,” ಎಂದರು ಅತ್ತಿಗೆ.

ಏಳಕ್ಕೆ ಐದು ನಿಮಿಷ. ಸೀಟನ್ನು ಹೆಗಲ ಮೇಲಿಟ್ಟುಕೊಂಡು ಸೀಟಮ್ಮ ಅಂಗಳಕ್ಕೆ ಬರುತ್ತಾರೆ. ಮೂವತ್ತೆಂಟು ಗಾಡಿಗಳು ಎರಡು ಸಾಲಿನಲ್ಲಿ ನಿಂತಿವೆ. ಎಲ್ಲವೂ ದೀಪ ಹಚ್ಚಿಕೊಂಡಿವೆ. ಪ್ರತಿವರ್ಷದ ಹಾಗೆ ಅವು ಹೆದ್ದಾರಿಯ ಆ ಜಾಗಕ್ಕೆ ಹೋಗುತ್ತವೆ. ಅಲ್ಲೊಂದು ಮೈಲಿಗಲ್ಲಿದೆ. ಅದರ ಪಕ್ಕ ಸಾಲಾಗಿ ನಿಂತು, ದೀಪಗಳನ್ನು ಒಂದು ನಿಮಿಷ ಆರಿಸಿ ಮತ್ತೆ ಹಚ್ಚಿ, ತಂತಮ್ಮ ಕೆಲಸಕ್ಕೆ ಚದುರುತ್ತವೆ. ಸೀಟಮ್ಮ ಅಲ್ಲಿಗೆ ಒಮ್ಮೆಯೂ ಹೋಗಿಲ್ಲ.

“ಕರೀತಾರೆ. ಜೀಪಲ್ಲಿ ಬನ್ನಿ ಅತ್ತಿಗೆ ಅಂತಾರೆ. ಆದ್ರೆ ಹೋದೋರು ವಾಪಸ್ ಬಂದಾಗ ಇಲ್ಲಿ ಒಬ್ರು ಇರ್ಬೇಕಲ್ಲ?”

ಸೀಟನ್ನು ಕೂರಿಸಿ, ಎರಡು ಬೋಲ್ಟ್ ಬಿಗಿದು, ಹಿಂದೆ ಸರಿದು ನಿಲ್ಲುತ್ತಾರೆ. ಹುಡುಗಿ ಹತ್ತಿ ಕೂರುತ್ತಾಳೆ. ಸೀಟಮ್ಮ ಅವಳ ಮುಖ ನೋಡುವುದಿಲ್ಲ, ಸೊಂಟ ನೋಡುತ್ತಾರೆ.

“ಟವೆಲ್ ಇದೆಯಾ?”

“ಇಲ್ಲ ಅಕ್ಕ. ಮನೇಲೇ ಬಿಟ್ಟು ಬಂದೆ.”

“ಒಂದು ಇಟ್ಕೋಬೇಕಿತ್ತು, ಎಲ್ಲಾದ್ರೂ…”

“ಇಟ್ಕೊಂಡ್ರೆ ಹಾಕ್ಕೊಳ್ತೀನಿ. ಹಾಕ್ಕೊಂಡ್ರೆ ನಿಮಗೆ ಸತ್ಯ ಗೊತ್ತಾಗಲ್ಲ.”

ಗಾಡಿಗಳು ಹೊರಡುತ್ತವೆ. ಸದ್ದು ರಸ್ತೆಯ ತಿರುವಿನವರೆಗೂ ಕೇಳುತ್ತದೆ, ಆಮೇಲೆ ಇಲ್ಲ. ಸೀಟಮ್ಮ ಒಳಗೆ ಬಂದು ಕೆಲಸಕ್ಕೆ ಕೂರುತ್ತಾರೆ. ಒಂದು ಮಳೆಯಂಗಿಯ ತೋಳು ಹೊಲಿದು ಬಿಚ್ಚುತ್ತಾರೆ, ಮತ್ತೆ ಹೊಲಿದು ಮತ್ತೆ ಬಿಚ್ಚುತ್ತಾರೆ. ಹನ್ನೊಂದಕ್ಕೆ ಬಂದ ಚಹ ಹನ್ನೆರಡರವರೆಗೆ ಹಾಗೇ ಇರುತ್ತದೆ. ನಡುವೆ ಒಮ್ಮೆ ಮಹಡಿಯ ಮೆಟ್ಟಿಲ ಕಡೆಗೆ ನೋಡುತ್ತಾರೆ. “ಮೇಲೆ ಕಿಟಕಿ ಚೆನ್ನಾಗಿದೆ,” ಎನ್ನುತ್ತಾರೆ, ಯಾರೂ ಕೇಳದಿದ್ದರೂ. “ಗಾಳಿ ಬರತ್ತೆ. ಆದ್ರೆ ಅಲ್ಲಿ ಕೈಗೇನೂ ಕೆಲಸ ಇಲ್ಲ. ಬರೀ ಬೆರಳಿಗೆ.” ಮೇಸ್ತ್ರಿ ಆರಿದ ಚಹವನ್ನು ತೆಗೆದುಕೊಂಡು ಹೋಗಿ ಬಿಸಿಯದನ್ನು ತಂದಿಡುತ್ತಾರೆ.

ಮೂರಕ್ಕೆ ಹತ್ತು ನಿಮಿಷ ಇರುವಾಗ ಸದ್ದು ಕೇಳುತ್ತದೆ. ಹಿಂದಿರುಗಿ ಬರುವ ಗಾಡಿಗಳನ್ನು ಎಣಿಸುವುದು ಸೀಟಮ್ಮನ ಹಳೆಯ ಅಭ್ಯಾಸ. ಮೂವತ್ತೆಂಟು ಆಗುವವರೆಗೆ ಎದ್ದು ಹೊರಗೆ ಬರುವುದಿಲ್ಲ. ಮೂವತ್ತಾರು. ಮೂವತ್ತೇಳು. ಸ್ವಲ್ಪ ತಡವಾಗಿ ಮೂವತ್ತೆಂಟು. ಎಲ್ಲರಿಗಿಂತ ಕೊನೆಗೆ ಬಂದದ್ದು ಇಪ್ಪತ್ತೆರಡು.

ಹುಡುಗಿ ಗಾಡಿ ನಿಲ್ಲಿಸುತ್ತಾಳೆ. ಇಳಿಯುತ್ತಾಳೆ. ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿ, ಪಕ್ಕದವರೊಂದಿಗೆ ಯಾವುದೋ ಲಾರಿಯವನ ತಂಟೆಯ ಬಗ್ಗೆ ಮಾತಾಡುತ್ತಾ ನಲ್ಲಿಯ ಕಡೆ ನಡೆದು, ಮುಖ ತೊಳೆದುಕೊಳ್ಳುತ್ತಾಳೆ. ಸೀಟಮ್ಮ ಬಾಗಿಲಲ್ಲಿ ನಿಂತು ಅವಳು ಹೆಜ್ಜೆ ಇಡುವುದನ್ನೇ ನೋಡುತ್ತಿದ್ದಾರೆ. ಮುಖ್ಯಸ್ಥರೂ ನೋಡುತ್ತಿದ್ದಾರೆ, ಕೈಯಲ್ಲಿ ಪೆನ್ನು ಹಿಡಿದು.

“ಏನಮ್ಮ, ಹೇಗಿತ್ತು?”

“ಪರವಾಗಿಲ್ಲ ಸಾರ್, ಹತ್ತು ಗಂಟೆಗೆ ಮಂಜೆಲ್ಲ ಹೋಯ್ತು. ಆ ಲಾರಿಯವನು ಮಾತ್ರ…”

“ಸೀಟು ಕೇಳ್ತಿದ್ದೀನಿ.”

ಹುಡುಗಿಯ ಕೈ ಬಾಯಿಯ ಮೇಲೆ ಬರುತ್ತದೆ. “ಅಯ್ಯೋ! ಮರ್ತೇಬಿಟ್ಟಿದ್ದೆ ಸಾರ್. ಸೀಟಿದೆ ಅನ್ನೋದೇ ನೆನಪಿಗೆ ಬರ್ಲಿಲ್ಲ.”

ಗಡ್ಡದ ಸವಾರರು ಗಟ್ಟಿಯಾಗಿ ನಗುತ್ತಾರೆ. ಮುಖ್ಯಸ್ಥರು ಕಾಗದದಲ್ಲಿ ಒಂದು ಸಾಲು ಬರೆದು, ಮಡಿಸಿ ಜೇಬಿಗೆ ಹಾಕಿಕೊಂಡು, ಸೀಟಮ್ಮನ ಕಡೆ ತಿರುಗುತ್ತಾರೆ. “ಉಳಿದ ಹನ್ನೊಂದು ಯಾವಾಗ ಕೊಡ್ತೀರಿ?”

“ಎಲ್ರೂ ಮರಳಲ್ಲಿ ಕೂರೋಕೆ ಬರ್ಬೇಕು ಸಾರ್. ನೀವೂ ಓಡಿಸೋದಾದ್ರೆ ನೀವೂ.”

ದಳದ ಮುಂದೆ ಮುಖ್ಯಸ್ಥರು ನಕ್ಕದ್ದನ್ನು ಕಂಡವರು ಕಡಿಮೆ. ಇಂದು ಮೂವತ್ತೆಂಟು ಜನ ಕಂಡಿದ್ದಾರೆ.

ಬೇರೇನಾದರೂ ಬೇಕೇ ಎಂದು ಅವರು ಕೇಳಿದಾಗ ಸೀಟಮ್ಮ ಸ್ವಲ್ಪ ಯೋಚಿಸುತ್ತಾರೆ. ಸೀಟು ಕೋಣೆಯ ಗೋಡೆಗೊಂದು ಕಿಟಕಿ, ಅಂಟಿನ ವಾಸನೆ ಹೊರಗೆ ಹೋಗಲೆಂದು. ಇನ್ನೊಂದು ಬೇಡಿಕೆ ದಳದವರಿಗೆ. “ನಿಮ್ಮ ಟವೆಲ್ಲೆಲ್ಲ ಒಗೆದು ತಂದು ನನಗೆ ಕೊಡಿ. ಸೀಟು ಒರೆಸೋಕೆ ಆಗತ್ತೆ. ಹನ್ನೊಂದು ವರ್ಷ ನನ್ನಿಂದ ಮುಚ್ಚಿಟ್ಟಿದ್ದಕ್ಕೆ ಅದೇ ದಂಡ.”

ನಾಲ್ಕು ಗಂಟೆಗೆ ಅಂಗಳ ಖಾಲಿಯಾಗುತ್ತದೆ. ಸೀಟಮ್ಮ ಕೋಣೆಗೆ ಬಂದು, ಮೇಲಿನ ಹಲಗೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ ಹದಿನಾರನೇ ನಂಬರಿನ ಸೀಟನ್ನು ಇಳಿಸುತ್ತಾರೆ. ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ, “ಇನ್ನೇನು ತಂಗಿ, ಅಳತೆಗೆ ಬೇಡವಲ್ಲ. ಗಾಜಿನ ಪೆಟ್ಟಿಗೆಗೆ ಹೇಳ್ಲಾ?” ಎಂದು ಕೇಳುತ್ತಾರೆ.

“ಗಾಜಿನೊಳಗೆ ಇಟ್ರೆ ಯಾರು ಕೂರ್ತಾರೆ ಮೇಸ್ತ್ರಿ?”

ಮರದ ಸ್ಟೂಲಿನ ಮೇಲಿದ್ದ ಗೋಣಿಚೀಲ ತೆಗೆದು, ಆ ಸೀಟನ್ನು ಅಲ್ಲಿಟ್ಟು, ನಾಲ್ಕು ಕಡೆ ಸ್ಕ್ರೂ ಬಿಗಿಯುತ್ತಾರೆ. ಹನ್ನೆರಡು ವರ್ಷದ ಹಿಂದಿನ ಮನೆ ಹೊಲಿಗೆ ಅದರ ಮೇಲೆ ಇನ್ನೂ ಕಾಣುತ್ತದೆ, ದೊಡ್ಡ ದೊಡ್ಡ, ಅಂಕುಡೊಂಕು. ಅದರ ಮೇಲೆ ಕುಳಿತು ಎರಡನೆಯ ಹೊಸ ಸೀಟಿನ ರೆಕ್ಸಿನ್ನನ್ನು ಯಂತ್ರಕ್ಕೆ ಕೊಡುತ್ತಾರೆ. ಭಾರ ಎಡಕ್ಕೆ ಜೋತು ಬೀಳುತ್ತದೆ. ಎಡತೊಡೆ ಅದನ್ನು ತಾಳಿಕೊಳ್ಳುತ್ತದೆ. ಮೈ ಅಭ್ಯಾಸದಂತೆ ಎಡಕ್ಕೆ ವಾಲುತ್ತದೆ, ಕೆಳಗಿನ ಸೀಟೂ ಅದೇ ಕಡೆಗೆ ಇಳಿದುಕೊಡುತ್ತದೆ.

ಮೇಸ್ತ್ರಿ ತಮ್ಮ ಹೆಗಲ ಮೇಲಿದ್ದ ಟವೆಲ್ ಮಡಿಸಿ ಮುಂದೆ ಚಾಚುತ್ತಾರೆ. ಸೀಟಮ್ಮ ಯಂತ್ರ ನಿಲ್ಲಿಸುವುದಿಲ್ಲ.

“ನನಗೆ ಬೇಡ ಮೇಸ್ತ್ರಿ. ಈ ಸೀಟು ನನಗೆ ಸರಿಯಾಗಿ ಕೂತಿದೆ.”